ಕತ್ತೆ ಹೋಗಿ ಆನೆ ಬಂದ ಶುಕ್ರವಾರ

ಸಣ್ಣಬೀರಪ್ಪನ ಪಕ್ಕ ಕೂತು ಮಕ್ಕಳ ಸಿನಿಮಾ ನೋಡುವುದು ಒಂದು ಶಿಕ್ಷೆ ಎಂದು ಅವನ ಮೊಮ್ಮಗಳು ಸಹನಾ ಹೇಳುತ್ತಾಳೆ. ಮಾತು ಸುಳ್ಳಲ್ಲ. ಹೆಸರು ತೋರಿಸುವುದು ಮುಗಿದು ಹತ್ತು ನಿಮಿಷ ಆಗಿರುವುದಿಲ್ಲ, ಅರವತ್ತನಾಲ್ಕರ ಈ ಮನುಷ್ಯ ದಿವಾನದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಮುಂದಿನ ಕಥೆಯನ್ನೆಲ್ಲ ಬಿಚ್ಚಿಟ್ಟುಬಿಡುತ್ತಾನೆ. ಈಗ ಆ ಕೂಸು ಪ್ರಾಣಿಯನ್ನು ತಂದು ಮನೆಯೊಳಗೆ ಬಚ್ಚಿಡುತ್ತದೆ. ಈಗ ಮನೆಯ ಹಿರಿಯನಿಗೆ ಸಿಟ್ಟು ಬರುತ್ತದೆ. ಇಂಟರ್‌ವಲ್ಲಿಗೆ ಐದು ನಿಮಿಷ ಇದೆ ಎನ್ನುವಾಗ ಇಬ್ಬರೂ ಮನೆ ಬಿಟ್ಟು ಓಡುತ್ತಾರೆ. ಟಿ.ವಿ.ಯಲ್ಲಿ ಇಂಟರ್‌ವಲ್ ಎಲ್ಲಿಯದು? ಆದರೂ ಅದು ಬರಬೇಕಾದ ಜಾಗಕ್ಕೆ ಸರಿಯಾಗಿ ಅವನು ಎದ್ದು, ಪಂಚೆ ಕೊಡವಿ, ಒಂದು ಲೋಟ ನೀರು ಕುಡಿದು ಬಂದು ಕೂರುತ್ತಾನೆ.

ಈ ವಿದ್ಯೆ ಅವನಿಗೆ ಪುಸ್ತಕದಿಂದ ಬಂದದ್ದಲ್ಲ, ರಸ್ತೆಯಿಂದ ಬಂದದ್ದು. ಹರಿಹರದ ಕಡೆಯ ಹಳ್ಳಿಯೊಂದರ ರೈತರ ಮನೆಯಲ್ಲಿ ನಾಲ್ಕನೆಯವನಾಗಿ ಹುಟ್ಟಿದ ಸಣ್ಣಬೀರಪ್ಪನಿಗೆ ಹೊಲಕ್ಕಿಂತ ಟಾಕೀಸಿನ ಮೇಲೆ ಮನಸ್ಸು. ಅಣ್ಣಂದಿರು ಇವನನ್ನು ನೇಗಿಲ ಹಿಂದೆ ನಿಲ್ಲಿಸಿ ನೋಡಿದರು, ಸಾಲು ಹಾವಿನ ಹಾಗೆ ಹೋಯಿತು. ಇದು ನಮ್ಮ ಕೈಗೆ ಬಗ್ಗುವ ಎತ್ತಲ್ಲ ಎಂದು ಬಿಟ್ಟುಬಿಟ್ಟರು. ಅವನು ದಾವಣಗೆರೆಗೆ ಬಂದು, ಒಬ್ಬರೇ ಮಾಲೀಕರ ಎರಡು ಟಾಕೀಸುಗಳ ನಡುವೆ ಸಿನಿಮಾ ಹೊರುವ ಕೆಲಸ ಹಿಡಿದ. ಒಂದು ಟಾಕೀಸು ದಾವಣಗೆರೆಯಲ್ಲಿ, ಇನ್ನೊಂದು ಹರಿಹರದಲ್ಲಿ. ಸಿನಿಮಾದ ಪ್ರಿಂಟು ಮಾತ್ರ ಒಂದೇ. ದಾವಣಗೆರೆಯಲ್ಲಿ ಮೊದಲರ್ಧ ಮುಗಿದದ್ದೇ ಆ ರೀಲುಗಳನ್ನು ತಗಡಿನ ಪೆಟ್ಟಿಗೆಗೆ ತುಂಬಿ, ಟಿ.ವಿ.ಎಸ್. ಮೊಪೆಡ್ಡಿಗೆ ಕಟ್ಟಿ, ಹದಿನಾಲ್ಕು ಕಿಲೋಮೀಟರ್ ಓಡಿಸಿ ಹರಿಹರಕ್ಕೆ ಮುಟ್ಟಿಸಬೇಕು. ಅಲ್ಲಿ ಅದು ಓಡುವಷ್ಟರಲ್ಲಿ ವಾಪಸ್ ಬಂದು ದ್ವಿತೀಯಾರ್ಧವನ್ನು ಒಯ್ಯಬೇಕು. ಇಪ್ಪತ್ತೆರಡು ವರ್ಷ ಇದೇ ಕೆಲಸ. ಅವನು ನೋಡಿದ ಸಿನಿಮಾಗಳಿಗೆಲ್ಲ ನಡುವೆ ಹದಿನಾಲ್ಕು ಕಿಲೋಮೀಟರ್ ರಸ್ತೆ ಇತ್ತು. ಆರಂಭ ಇಲ್ಲಿ ಇಷ್ಟು, ಅಂತ್ಯ ಅಲ್ಲಿ ಇಷ್ಟು, ಮಿಕ್ಕದ್ದನ್ನು ದಾರಿಯಲ್ಲಿ ತಾನೇ ಊಹಿಸಿಕೊಳ್ಳುತ್ತಿದ್ದ. ರಜೆಯಲ್ಲಿ ಬರುವ ಮಕ್ಕಳ ಚಿತ್ರಗಳ ವಿಷಯದಲ್ಲಿ ಅವನ ಊಹೆ ಯಾವತ್ತೂ ಸುಳ್ಳಾಗಲಿಲ್ಲ. ಅವೆಲ್ಲ ಒಂದೇ ಅಚ್ಚಿನ ಬೆಲ್ಲ ಎಂಬುದು ಅವನ ಸಿದ್ಧಾಂತ.

ಈ ದಸರಾ ರಜೆಗೆ ಸಹನಾಳ ಶಾಲೆಯಲ್ಲಿ ಒಂದು ವಿಚಿತ್ರ ಮನೆಪಾಠ ಕೊಟ್ಟಿದ್ದರು. ರಜೆಯಲ್ಲಿ ಎರಡು ಮಕ್ಕಳ ಚಿತ್ರ ನೋಡಿ, ಅವುಗಳ ನಡುವಿನ ಹೋಲಿಕೆಗಳನ್ನು ಬರೆಯಬೇಕು, ಮತ್ತು ಮನೆಯ ಹಿರಿಯರೊಬ್ಬರ ಸಿನಿಮಾ ಅನುಭವವನ್ನು ಕೇಳಿ ದಾಖಲಿಸಬೇಕು. ಸಹನಾಳಿಗೆ ಹತ್ತು ವರ್ಷ. ಎರಡು ಜಡೆ, ಒಂದು ನೋಟ್‌ಬುಕ್ಕು, ಯಾರನ್ನೂ ಸುಮ್ಮನೆ ಬಿಡದ ಪ್ರಶ್ನೆಗಳು. ಅವಳು ನೋಡಿದ ಒಂದು ಚಿತ್ರದಲ್ಲಿ ಹಿಮ ಬೀಳುವ ದೇಶದ ಹುಡುಗಿ, ಅವಳಿಗೊಂದು ಕರಡಿಮರಿ. ಇನ್ನೊಂದರಲ್ಲಿ ಮರಳುಗಾಡಿನ ಹುಡುಗ, ಅವನಿಗೊಂದು ಕುಂಟ ಒಂಟೆ. ಭಾಷೆ ಬೇರೆ, ದೇಶ ಬೇರೆ, ಬಟ್ಟೆ ಬೇರೆ. ನೋಡುತ್ತ ಹೋದಂತೆ ಸಹನಾಳ ಪೆನ್ಸಿಲ್ಲು ನಿಲ್ಲಲೇ ಇಲ್ಲ. ಇಬ್ಬರೂ ಮಕ್ಕಳು ರಜೆಗೆಂದು ಅಜ್ಜನ ಮನೆಗೆ ಬಂದವರು. ಎರಡೂ ಪ್ರಾಣಿಗಳಿಗೆ ಬಲಗಾಲಿಗೇ ಗಾಯ. ಎರಡರಲ್ಲೂ ಪ್ರಾಣಿ ಹಿರಿಯರ ಚಪ್ಪಲಿ ತಿನ್ನುತ್ತದೆ. ಎರಡರಲ್ಲೂ ಅಜ್ಜ ಅದನ್ನು ಮಾರಲು ಹೊರಡುತ್ತಾನೆ. ಕೊನೆಗೆ ಅದೇ ಪ್ರಾಣಿ ಅಜ್ಜನನ್ನು ಹಳ್ಳದಿಂದ ಎತ್ತುತ್ತದೆ. ಹನ್ನೊಂದು ಹೋಲಿಕೆ ಬರೆದು ಮುಗಿಸುವ ಹೊತ್ತಿಗೆ ಅವಳ ಕಣ್ಣುಗಳು ಅರಳಿಹೋಗಿದ್ದವು. ನಿಧಿ ಸಿಕ್ಕವರ ಹಾಗೆ ಮನೆಯೆಲ್ಲ ಓಡಾಡಿದಳು.

ಅಜ್ಜನಿಗೂ ಏನೂ ಕಡಿಮೆ ಖುಷಿ ಆಗಲಿಲ್ಲ. ಇಷ್ಟು ವರ್ಷ ತಾನು ಬಾಯಲ್ಲಿ ಹೇಳುತ್ತಿದ್ದದ್ದನ್ನು ಕೂಸು ಕಾಗದದ ಮೇಲೆ ಇಳಿಸಿದೆ. ಆ ಹುರುಪಿನಲ್ಲಿ ಅವನು ತನ್ನ ಹಳೆಯ ಕಥೆಯನ್ನು ಶುರು ಮಾಡಿದ. ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾದ ಕಥೆ ಅದು. ಮಗ ಯೋಗರಾಜ್‌ನ ಮದುವೆಯಲ್ಲಿ ಬೀಗರಿಗೂ ಹೇಳಿ ನಗಿಸಿದ್ದ. ಕಥೆ ಶುರುವಾದ ಕೂಡಲೇ ಹೆಂಡತಿ ಕರಿಯವ್ವ ಎಂದಿನಂತೆ ಎದ್ದು ಅಡುಗೆಮನೆಗೆ ಹೋದಳು. ಅವಳಿಗೆ ಆ ಕಥೆಯ ಹೊತ್ತಿಗೇ ಒಲೆಯ ನೆನಪಾಗುತ್ತಿತ್ತು.

ಕಥೆ ಹದಿನಾರು ವರ್ಷದ ಹಿಂದಿನದು. ಬೇಸಿಗೆ ರಜೆ. ಹಿಂದಿನ ವಾರ ಹರಿಹರದ ಟಾಕೀಸಿಗೆ ಸುಣ್ಣಬಣ್ಣ ನಡೆದದ್ದರಿಂದ, ಚೇತನ್ ಎಂಬ ಹುಡುಗ ಆನೆಮರಿ ಸಾಕುವ ಚಿತ್ರವೊಂದು ದಾವಣಗೆರೆಯಲ್ಲಿ ಮಾತ್ರ ಓಡಿತ್ತು. ಶುಕ್ರವಾರ ಹೊಸ ಚಿತ್ರ, ಅದು ರಾಮು ಎಂಬ ಹುಡುಗನದು, ಅವನ ಕತ್ತೆಯದು. ಮಕ್ಕಳ ಚಿತ್ರಕ್ಕೆ ದಿನಕ್ಕೆ ಬೆಳಗಿನ ಆಟ ಒಂದೇ, ಅದು ಎರಡೂ ಊರಲ್ಲಿ. ಸಣ್ಣಬೀರಪ್ಪ ಕತ್ತೆ ಚಿತ್ರದ ಮೊದಲರ್ಧವನ್ನು ಹರಿಹರಕ್ಕೆ ಮುಟ್ಟಿಸಿದ. ಎರಡನೇ ಸಲ ಹೊರಟಾಗ ಗಾಡಿಯ ಮೇಲೆ ಎರಡು ಪೆಟ್ಟಿಗೆ. ಒಂದು ಕತ್ತೆಯ ದ್ವಿತೀಯಾರ್ಧ, ಟಾಕೀಸಿಗೆ. ಇನ್ನೊಂದು ಹಿಂದಿನ ವಾರದ ಆನೆಯ ದ್ವಿತೀಯಾರ್ಧ, ಹರಿಹರದ ರೈಲ್ವೆ ಸ್ಟೇಷನ್ನಿನಿಂದ ಪಾರ್ಸೆಲ್ಲಾಗಿ ಬೆಂಗಳೂರಿಗೆ ಹೋಗಬೇಕಾದದ್ದು. ಅದರ ಮೊದಲರ್ಧ ಹಿಂದಿನ ದಿನವೇ ಹೋಗಿತ್ತು. ಎರಡನ್ನೂ ಸಿನಿಮಾ ಓಡಿಸುವ ಕ್ಯಾಬಿನ್ನಿನ ಬಾಗಿಲಿಗೆ ಒಯ್ದು ಇಟ್ಟನಂತೆ. ಹರಿಹರದ ಆಪರೇಟರ್ ಹಿದಾಯತ್, ಸರಿಯಾಗಿ ನೋಡದೆ, ಸ್ಟೇಷನ್ನಿನದು ಅದು ಎಂದು ತಪ್ಪು ಪೆಟ್ಟಿಗೆಗೆ ಕೈ ತೋರಿಸಿದನಂತೆ. ಇವನು ಅದನ್ನೇ ಒಯ್ದು ರೈಲಿಗೆ ಹಾಕಿದನಂತೆ. ಹೀಗಾಗಿ ಹರಿಹರದ ನಾನೂರು ಮಕ್ಕಳು ಮೊದಲರ್ಧ ಕತ್ತೆಯನ್ನೂ ದ್ವಿತೀಯಾರ್ಧ ಆನೆಯನ್ನೂ ನೋಡಿದರು.

ಇಲ್ಲಿ ಸಣ್ಣಬೀರಪ್ಪ ನಿಲ್ಲಿಸಿ ಎಲ್ಲರ ಮುಖ ನೋಡುತ್ತಾನೆ. ಆಮೇಲೆ ಹೇಳುತ್ತಾನೆ, ಒಂದು ಪಿಳ್ಳೆಯೂ ತಕರಾರು ಮಾಡಲಿಲ್ಲ ಎಂದು. ಸ್ಟೇಷನ್ನಿನಿಂದ ಬಂದು ಗೇಟಿನಲ್ಲಿ ನಿಂತಾಗ ಹೊರಬಂದ ಹುಡುಗಿಯೊಬ್ಬಳನ್ನು ಸಿನಿಮಾ ಹೆಂಗಿತ್ತು ಎಂದು ಕೇಳಿದ. ಕತ್ತೆಗಿಂತ ಆನೆ ಚಲೋ ಇತ್ತು ಎಂದಳು. ಅಲ್ಲಿಗೆ ಕಥೆ ಮುಗಿಯುತ್ತದೆ, ಕೇಳಿದವರು ಬಿದ್ದು ಬಿದ್ದು ನಗುತ್ತಾರೆ. ಅರ್ಧ ಅರ್ಧ ಸೇರಿ ಒಂದಾಗುವುದು ಹರಿಹರದವರಿಗೆ ಹೊಸದೇ, ಅವರ ದೇವರೇ ಅರ್ಧ ಹರಿ ಅರ್ಧ ಹರ ಅಲ್ಲವೇ ಎಂದು ಅವನು ಮೇಲೊಂದು ಮಾತು ಸೇರಿಸುತ್ತಾನೆ.

ಸಹನಾ ನಗಲಿಲ್ಲ. ಪೆನ್ಸಿಲ್ಲಿನ ಹಿಂಬದಿ ಕಚ್ಚುತ್ತ ಕೂತಿದ್ದಳು.

“ಅಜ್ಜ, ಇದು ಆಗಲ್ಲ,” ಅಂದಳು. “ನನ್ನ ಕರಡಿ ಹೋಗಿ ಒಂಟೆ ಬಂದ್ರೆ ನಾನು ಕೇಳ್ತೀನಿ. ಎಲ್ಲ ಒಂದೇ ಥರ ಇದ್ರೂ ಕರಡಿ ಕರಡಿನೇ. ನಾನೂರು ಮಕ್ಕಳಾಗೆ ಒಬ್ರೂ ಕೇಳ್ಲಿಲ್ಲ ಅಂದ್ರೆ ಅವರಿಗೆ ಯಾರೋ ಏನೋ ಹೇಳ್ಯಾರೆ.”

ಸಣ್ಣಬೀರಪ್ಪ ಹದಿನಾರು ವರ್ಷ ಈ ಕಥೆ ಹೇಳಿದ್ದಾನೆ, ಈ ಪ್ರಶ್ನೆ ಒಮ್ಮೆಯೂ ಅವನಿಗೆ ಹೊಳೆದಿರಲಿಲ್ಲ. ಯಾರು ಹೇಳಿರಬಹುದು ಎಂದು ಅವಳೇ ಯೋಚಿಸಿ, ಒಳಗಿದ್ದವನು ಆಪರೇಟರ್ ಒಬ್ಬನೇ ಎಂದು ತೀರ್ಮಾನಿಸಿ, ಆ ಹಿದಾಯತ್ ತಾತ ಈಗ ಎಲ್ಲಿದ್ದಾರೆ ಎಂದು ಕೇಳಿದಳು. ಹರಿಹರದಲ್ಲೇ ಇದ್ದಾನೆ, ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ ಎಂದು ಅವನ ಬಾಯಿಂದಲೇ ಹೊರಬಿತ್ತು. ಹಾಗಾದರೆ ನಾಳೆ ಹೋಗಿ ಕೇಳೋಣ, ಮನೆಪಾಠಕ್ಕೂ ಆಗುತ್ತದೆ ಎಂದಳು. ಅಜ್ಜನಿಗೆ ಕಾಲು ನೋವು ನೆನಪಾಯಿತು. ಬಿಸಿಲು ನೆನಪಾಯಿತು. ಬಸ್ಸಿನ ರಶ್ಶು ನೆನಪಾಯಿತು. ಹದಿನಾಲ್ಕು ಕಿಲೋಮೀಟರ್ ದಾರಿಯನ್ನು ದಿನಕ್ಕೆ ನಾಲ್ಕು ಸಲ ಓಡಿದವನು ಅದೇನು ಮಂಗಳ ಗ್ರಹವೋ ಎನ್ನುವಂತೆ ಮಾತಾಡಿದ.

ನಿಜ ಸಂಗತಿ ಬೇರೆ ಇತ್ತು, ಅದನ್ನು ಈಗ ಹೇಳಿಬಿಡುವುದೇ ಒಳ್ಳೆಯದು. ಪೆಟ್ಟಿಗೆ ಬದಲು ಮಾಡಿದವನು ಹಿದಾಯತ್ ಅಲ್ಲ, ಸಣ್ಣಬೀರಪ್ಪನೇ.

ಪೆಟ್ಟಿಗೆಗಳ ಮೇಲೆ ಅಂಟಿಸಿದ ಚೀಟಿ ಊರೂರು ಸುತ್ತಿ ಹರಿದು ಹೋಗಿರುತ್ತಿತ್ತು. ಅದಕ್ಕೇ ಅವನು ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದ. ಮೊದಲರ್ಧಕ್ಕೆ ಕೆಂಪು ಹಗ್ಗ, ದ್ವಿತೀಯಾರ್ಧಕ್ಕೆ ಹಸಿರು ಹಗ್ಗ. ಕೈಯಲ್ಲಿ ಯಾವಾಗಲೂ ಒಂದೇ ಸಿನಿಮಾ ಇರುತ್ತಿದ್ದುದರಿಂದ ಪದ್ಧತಿ ಎಂದೂ ಕೈಕೊಟ್ಟಿರಲಿಲ್ಲ. ಆ ಶುಕ್ರವಾರ ಎರಡು ಸಿನಿಮಾ, ಎರಡೂ ದ್ವಿತೀಯಾರ್ಧ, ಎರಡಕ್ಕೂ ಹಸಿರು ಹಗ್ಗ. ಮುಂದೆ ಇಟ್ಟದ್ದು ಟಾಕೀಸಿಗೆ, ಹಿಂದೆ ಕಟ್ಟಿದ್ದು ಸ್ಟೇಷನ್ನಿಗೆ ಎಂದು ತಲೆಯಲ್ಲಿ ಇಟ್ಟುಕೊಂಡು ಹೊರಟಿದ್ದ. ದಾರಿಯಲ್ಲಿ ಮಂಡಕ್ಕಿ ಮಿರ್ಚಿ ಕಟ್ಟಿಸಲು ನಿಲ್ಲಿಸಿದಾಗ ಗಾಡಿ ವಾಲಿ ಎರಡೂ ಪೆಟ್ಟಿಗೆ ಉರುಳಿದವು. ಎತ್ತಿ ಕಟ್ಟಿದ. ಯಾವುದು ಮುಂದಿತ್ತು, ಯಾವುದು ಹಿಂದಿತ್ತು ಎಂದು ನೋಡುವಷ್ಟು ಹೊತ್ತು ಇರಲಿಲ್ಲ. ಹರಿಹರದಲ್ಲಿ ಮುಂದಿದ್ದದ್ದನ್ನು ಹಿದಾಯತನ ಕೈಗೆ ಕೊಟ್ಟು, ಇನ್ನೊಂದನ್ನು ಸ್ಟೇಷನ್ನಿಗೆ ಒಯ್ದ.

ಆ ಮಂಡಕ್ಕಿ ಮಿರ್ಚಿಯೂ ಹಿದಾಯತನಿಗೆ ಎಂದೇ ಕಟ್ಟಿಸಿದ್ದು. ದಿನಾ ದ್ವಿತೀಯಾರ್ಧ ಓಡುವಾಗ ಇಬ್ಬರೂ ಕ್ಯಾಬಿನ್ನಿನಲ್ಲಿ ಪೇಪರ್ ಹಾಸಿಕೊಂಡು ತಿನ್ನುತ್ತಿದ್ದರು. ಹಿದಾಯತ್ ಇವನಿಗಿಂತ ಮೂರು ವರ್ಷ ದೊಡ್ಡವನು. ಇವನು ಅವನನ್ನು ಹಿದಾಯತಣ್ಣ ಎನ್ನುತ್ತಿದ್ದ. ಗೇಟಿನಲ್ಲಿ ಆ ಹುಡುಗಿ ಆನೆಯ ಮಾತಾಡಿದಾಗ ಸಣ್ಣಬೀರಪ್ಪನಿಗೆ ಪೆಟ್ಟಿಗೆ ಬದಲಾದದ್ದು ಗೊತ್ತಾಯಿತು. ಮೇಲೆ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಮಿರ್ಚಿ ಪೊಟ್ಟಣ ಗಾಡಿಯ ಚೀಲದಲ್ಲೇ ಇತ್ತು, ಗಾಡಿ ತಿರುಗಿಸಿ ದಾವಣಗೆರೆಗೆ ಬಂದುಬಿಟ್ಟ. ಮರುದಿನ ಕತ್ತೆಯ ದ್ವಿತೀಯಾರ್ಧ ಕಾಣೆಯಾದದ್ದು ಬಯಲಾಯಿತು. ಮಾಲೀಕರು ಎಲ್ಲರ ಎದುರು ಇದು ಯಾರ ಕೆಲಸ ಎಂದು ಕೇಳಿದರು. ಹಿದಾಯತ್ ತೋರಿಸಿದ ಪೆಟ್ಟಿಗೆ ಒಯ್ದೆ ಎಂದು ಸಣ್ಣಬೀರಪ್ಪನ ನಾಲಿಗೆ ಹೇಳಿತು. ಹಿದಾಯತ್ ಅವನನ್ನೊಮ್ಮೆ ನೋಡಿದ, ಮಾತಾಡಲಿಲ್ಲ. ರಜೆ ಮುಗಿಯುವ ತನಕ ಅವನನ್ನು ಕ್ಯಾಬಿನ್ನಿನಿಂದ ಇಳಿಸಿ ಟಿಕೆಟ್ ಹರಿಯಲು ಗೇಟಿಗೆ ನಿಲ್ಲಿಸಿದರು. ಹದಿನೆಂಟು ವರ್ಷ ಮಷಿನ್ ನಡೆಸಿದ ಮನುಷ್ಯ ಮಕ್ಕಳ ಸಾಲಿನ ಮುಂದೆ ನಿಂತದ್ದನ್ನು ಸಣ್ಣಬೀರಪ್ಪ ದಿನಾ ನೋಡಿದ. ಕೆಲವು ತಿಂಗಳಲ್ಲಿ ಹಿದಾಯತ್ ಕೆಲಸ ಬಿಟ್ಟ. ಅಂದಿನಿಂದ ಇಬ್ಬರ ನಡುವೆ ಒಂದು ಮಾತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಆದರೆ ಸುಳ್ಳನ್ನು ಹೊತ್ತುಕೊಂಡು ಬದುಕುವುದು ಕಷ್ಟ. ಅದಕ್ಕೆ ಅವನು ಅದನ್ನು ತಮಾಷೆಯ ಕಥೆ ಮಾಡಿದ. ಜನ ನಕ್ಕಷ್ಟೂ ಭಾರ ಇಳಿದ ಹಾಗೆ ಆಗುತ್ತಿತ್ತು. ಈಗ ಈ ಎರಡು ಜಡೆಯ ಹುಡುಗಿ ಅದೇ ಕಥೆಯ ಬಾಲ ಹಿಡಿದು ಎಳೆಯುತ್ತಿದ್ದಾಳೆ.

ಬೆಳಿಗ್ಗೆ ಹೊರಡುವಾಗ ಕರಿಯವ್ವ ಬಾಗಿಲಲ್ಲಿ ನಿಂತು, ಗಂಡನ ಅಂಗಿಯ ಗುಂಡಿ ಸರಿ ಮಾಡುತ್ತ, “ಬರಿಗೈಲಿ ಹೋಗಬ್ಯಾಡ್ರಿ. ಮಂಡಕ್ಕಿ ಮಿರ್ಚಿ ಕಟ್ಟಿಸ್ಕಂಡು ಹೋಗ್ರಿ,” ಅಂದಳು. ಹೋಳಿಗೆ ಬಿಟ್ಟು ಮಿರ್ಚಿಯನ್ನೇ ಯಾಕೆ ಹೇಳಿದಳು ಎಂದು ಅವನು ಆಗ ಯೋಚಿಸಲಿಲ್ಲ. ಬಿಸಿ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಮೊಮ್ಮಗಳ ಪಕ್ಕ ಬಸ್ಸಿನಲ್ಲಿ ಕೂತ. ಸಹನಾ ಕಿಟಕಿಯ ಕಡೆ. ಅಜ್ಜ ಈ ರಸ್ತೆಯಲ್ಲಿ ಎಲ್ಲಿ ಮಳೆಗೆ ನಿಲ್ಲುತ್ತಿದ್ದ, ಎಲ್ಲಿ ಪಂಕ್ಚರ್ ಆಗುತ್ತಿತ್ತು ಎಂದೆಲ್ಲ ಕೇಳಿ ಬರೆದುಕೊಂಡಳು. ಆಮೇಲೆ ಅವನೇ ಮೆಲ್ಲಗೆ ಒಂದು ಪ್ರಶ್ನೆ ಕೇಳಿದ. ನಿನ್ನ ಎರಡೂ ಸಿನಿಮಾದಲ್ಲಿ ಆ ಹಠಮಾರಿ ಅಜ್ಜಂದಿರು ಕೊನೆಗೆ ಏನು ಮಾಡುತ್ತಾರೆ?

“ತಪ್ಪಾತು ಅಂತಾರೆ. ಅದು ಹತ್ತನೇ ಹೋಲಿಕೆ,” ಅಂದಳು ಸಹನಾ. “ಆದ್ರೆ ಭಾಳ ಹೊತ್ತು ಮಾಡ್ತಾರಜ್ಜ. ಬೇಗ ಅಂದಿದ್ರೆ ಸಿನಿಮಾ ಅರ್ಧ ಗಂಟೇಲೇ ಮುಗೀತಿತ್ತು.”

ಹರಿಹರ ಬರುವ ತನಕ ಸಣ್ಣಬೀರಪ್ಪ ಪೊಟ್ಟಣದ ದಾರ ಬಿಗಿ ಮಾಡುತ್ತ ಕೂತ. ಟಾಕೀಸಿನ ಕೆಲಸ ಬಿಟ್ಟ ಮೇಲೆ ಆ ಊರಲ್ಲಿ ಅವನು ಇಳಿದೇ ಇರಲಿಲ್ಲ. ರಾಣೆಬೆನ್ನೂರಿಗೆ ಹೋಗಬೇಕಾದರೂ ಬೈಪಾಸಿನ ಬಸ್ಸು ಕೇಳಿ ಹತ್ತುತ್ತಿದ್ದ.

ಹಿದಾಯತನ ಅಂಗಡಿ ಸ್ಟೇಷನ್ ರಸ್ತೆಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಬಾಗಿಲಲ್ಲಿ ಬೋರ್‌ವೆಲ್ ಮೋಟಾರುಗಳ ರಾಶಿ. ಒಳಗೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಬಿಳಿ ಗಡ್ಡದ ಮನುಷ್ಯನೊಬ್ಬ ತಾಮ್ರದ ತಂತಿ ಸುತ್ತುತ್ತಿದ್ದ. ಕೈಯ ತಾಳ ಅದೇ, ರೀಲು ಸುತ್ತುವಾಗಿನ ತಾಳ. ಸಣ್ಣಬೀರಪ್ಪ ಹೊಸ್ತಿಲಲ್ಲಿ ನಿಂತ. ಸಹನಾ ಅವನ ಬೆರಳು ಹಿಡಿದು ಎಳೆದಳು.

ಹಿದಾಯತ್ ತಲೆ ಎತ್ತಿದ. ಒಂದು ಕ್ಷಣ ನೋಡಿದ. ಮತ್ತೆ ತಂತಿಯ ಕಡೆ ಬಗ್ಗಿ, “ಇಂಟರ್‌ವಲ್ ಭಾಳ ಉದ್ದ ಆತು, ಬೀರಪ್ಪ,” ಅಂದ.

ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಸಣ್ಣಬೀರಪ್ಪನ ತಲೆಯಿಂದ ಹಾರಿಹೋಯಿತು. ಹೇಗಿದ್ದೀ, ಏನು ಸಮಾಚಾರ, ಇದು ಮೊಮ್ಮಗಳು, ಮನೆಪಾಠಕ್ಕೆ ಬಂದಿದ್ದಾಳೆ ಎಂದು ಸುತ್ತಿ ಬಳಸಿ ಬರಬೇಕೆಂದಿದ್ದ. ಅದೆಲ್ಲ ಬಿಟ್ಟು ನಿಂತ ಕಾಲ ಮೇಲೇ ಹೇಳಿಬಿಟ್ಟ.

“ಹಿದಾಯತಣ್ಣ, ಪೆಟ್ಟಿಗೆ ಬದಲು ಮಾಡಿದ್ದು ನಾನು. ಮಾಲೀಕರ ಮುಂದೆ ನಿನ್ನ ಹೆಸರು ಹೇಳಿದ್ದೂ ನಾನು. ನೀನು ಗೇಟಿನಾಗೆ ನಿಂತದ್ದು ನನ್ನಿಂದ. ತಪ್ಪಾತು.”

ಸಹನಾಳ ಪೆನ್ಸಿಲ್ಲು ನಿಂತಿತು. ಅವಳು ಅಜ್ಜನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಅವನ ಕಣ್ಣು ಒದ್ದೆಯಾದದ್ದು ನೋಡಿ ಬೆರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಹಿದಾಯತ್ ತಂತಿಯನ್ನು ಪಕ್ಕಕ್ಕಿಟ್ಟ. ಗೊತ್ತೈತೆ, ಕೂಡು ಎಂದಷ್ಟೇ ಹೇಳಿ ಒಳಗೆ ಹೋದ. ಅವನ ಹೆಂಡತಿ ಫಿರ್ದೌಸ್ ಬಂದು, ಬರ್ರಿ ಅಣ್ಣಾರೆ, ಕೂಡ್ರಿ ಎಂದು ಸ್ಟೂಲ್ ಒರೆಸಿ ಹಾಕಿ, ಸಹನಾಳ ಗಲ್ಲ ಹಿಡಿದು ಹೆಸರು ಕೇಳಿ, ಚಹಾಕ್ಕೆ ಇಡಲು ಹೋದಳು. ಸಣ್ಣಬೀರಪ್ಪನ ಮಡಿಲಲ್ಲಿ ಮಿರ್ಚಿ ಪೊಟ್ಟಣ ಎಣ್ಣೆ ಬಿಡುತ್ತಿತ್ತು. ಒಳಗೆ ಟ್ರಂಕು ತೆರೆದ ಸದ್ದಾಯಿತು. ಹಿದಾಯತ್ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಏನನ್ನೋ ತಂದು ಸಹನಾಳ ಕೈಯಲ್ಲಿಟ್ಟ. ಅಂಗೈ ಅಗಲದ ಗಾಜು. ಒಂದರ ಮೇಲೊಂದು ಎರಡು ಗಾಜು ಸೇರಿಸಿ ಸುತ್ತ ಟೇಪ್ ಹಚ್ಚಿತ್ತು. ನಡುವೆ ಕಪ್ಪು ಮಸಿ, ಮಸಿಯಲ್ಲಿ ಸೂಜಿಯಿಂದ ಗೀಚಿದ ಅಕ್ಷರ.

ಟಾಕೀಸಿನ ಸ್ಲೈಡು ಅದು. ಧೂಮಪಾನ ಮಾಡಬಾರದು, ನಾಳೆಯಿಂದ ಹೊಸ ಚಿತ್ರ ಎಂದು ಪರದೆಯ ಮೇಲೆ ತೋರಿಸಬೇಕಾದರೆ ಆಪರೇಟರುಗಳು ಗಾಜಿಗೆ ದೀಪದ ಮಸಿ ಹಿಡಿಸಿ ಹೀಗೆ ಬರೆಯುತ್ತಿದ್ದರು. ಸಹನಾ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಒಂದೊಂದೇ ಸಾಲು ಗಟ್ಟಿಯಾಗಿ ಓದಿದಳು.

“ಆರು ತಿಂಗಳ ನಂತರ. ಕತ್ತೆ ಅಜ್ಜಿಯ ಊರಿನಲ್ಲಿ ಸುಖವಾಗಿದೆ. ರಾಮು ಈಗ ಆನೆಮರಿ ಸಾಕಿದ್ದಾನೆ, ಕಟಿಂಗ್ ಮಾಡಿಸಿದ್ದಾನೆ. ಶಾಲೆಯಲ್ಲಿ ಅವನ ಹೆಸರು ಚೇತನ್.”

ಸಣ್ಣಬೀರಪ್ಪನ ಹೊಟ್ಟೆಯ ತಳದಿಂದ ನಗು ಎದ್ದಿತು. ಅವನು ಸ್ಟೂಲಿನ ಮೇಲಿಂದ ಬೀಳುವಷ್ಟು ನಕ್ಕ. ಹಿದಾಯತನೂ ನಕ್ಕ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕ. ಸಹನಾಳಂತೂ, ನಾನು ಹೇಳಲಿಲ್ಲವೇ, ಯಾರೋ ಹೇಳಿದ್ದಾರೆ ಅಂತ ಹೇಳಲಿಲ್ಲವೇ ಎಂದು ಮೋಟಾರುಗಳ ನಡುವೆಯೇ ಕುಣಿದಳು. ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು ಹೆಸರು ಇರುವುದು ನಮ್ಮ ಕಡೆ ಯಾವ ಮಗುವಿಗೆ ತಾನೇ ಹೊಸದು? ನಾನೂರು ಮಕ್ಕಳೂ ಹೌದೌದು ಎಂದು ತಲೆಯಾಡಿಸಿ ಆನೆ ನೋಡಿದ್ದವು.

ಚಹಾ ಬಂತು. ಪೊಟ್ಟಣ ಬಿಚ್ಚಿ ಪೇಪರಿನ ಮೇಲೆ ಹರವಿದರು. ಹಿದಾಯತ್ ನಿಧಾನವಾಗಿ ನಡೆದದ್ದು ಹೇಳಿದ. ಆ ದಿನ ಮೊದಲ ಸಲ ಪೆಟ್ಟಿಗೆ ತಂದಾಗ ಸಣ್ಣಬೀರಪ್ಪ ಇವನಿಗೆ ಆನೆ ಚಿತ್ರದ ಕಥೆಯನ್ನೆಲ್ಲ ಹೇಳಿ, ಇದೂ ಕತ್ತೆಯದೂ ಒಂದೇ, ಅರ್ಧಕ್ಕೆ ಅರ್ಧ ಜೋಡಿಸಿದರೂ ಯಾರಿಗೂ ಗೊತ್ತಾಗದು ಎಂದು ಹೋಗಿದ್ದ. ಇಂಟರ್‌ವಲ್ಲಿನಲ್ಲಿ ಹಸಿರು ಹಗ್ಗದ ಪೆಟ್ಟಿಗೆ ಬಿಚ್ಚಿದರೆ ಒಳಗೆ ಆನೆ. ಕ್ಯಾಬಿನ್ ಬಿಟ್ಟು ಸ್ಟೇಷನ್ನಿಗೆ ಓಡುವಂತಿಲ್ಲ. ಸಣ್ಣಬೀರಪ್ಪನ ಮೊಬೈಲಿಗೆ ಫೋನ್ ಮಾಡಿದ. ಅದು ಮನೆಯಲ್ಲಿತ್ತು.

“ಅತ್ತಿಗೆ ಎತ್ತಿದ್ರು,” ಅಂದ ಹಿದಾಯತ್. “ನಿಮ್ಮ ಮನೆಯವ್ರು ಬ್ಯಾರೆ ಪೆಟ್ಟಿಗೆ ಕೊಟ್ಟು ಹೋಗ್ಯಾರೆ, ಹೆಂಗಾರ ಮಾಡಿ ತಿಳ್ಸ್ರಿ ಅಂದೆ. ಪಾಪ, ಅವ್ರೇನ್ ಮಾಡ್ತಾರೆ.”

ಸಣ್ಣಬೀರಪ್ಪನ ಕೈಯ ಮಿರ್ಚಿ ಬಾಯಿಯ ಹತ್ತಿರವೇ ನಿಂತಿತು. ಕರಿಯವ್ವನಿಗೆ ಗೊತ್ತಿತ್ತು. ಹದಿನಾರು ವರ್ಷವೂ ಗೊತ್ತಿತ್ತು. ಕಥೆ ಶುರುವಾದಾಗಲೆಲ್ಲ ಅವಳಿಗೆ ಯಾಕೆ ಒಲೆ ನೆನಪಾಗುತ್ತಿತ್ತು ಎಂಬುದು ಈಗ ಅವನಿಗೆ ತಿಳಿಯಿತು, ತಿಳಿದು ನಾಚಿಕೆಯಾಯಿತು.

ಆಟ ನಿಲ್ಲಿಸಿದರೆ ಸಣ್ಣಬೀರಪ್ಪನ ಕೆಲಸ ಹೋಗುತ್ತದೆ, ಮಕ್ಕಳೂ ಅಳುತ್ತವೆ. ಹಾಗೆ ಯೋಚಿಸಿ, ಬೀರಪ್ಪನ ಮಾತು ನಿಜವೋ ನೋಡೇಬಿಡೋಣ ಎಂದು ಸ್ಲೈಡು ಗೀಚಿ ಆನೆಯನ್ನು ಬಿಟ್ಟೆ ಎಂದ ಹಿದಾಯತ್. ಕ್ಯಾಬಿನ್ನಿನ ಕಿಂಡಿಯಿಂದ ನೋಡಿದರೆ ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದವು. ಜೀವನದಲ್ಲಿ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲವಂತೆ.

ಹಾಗಾದರೆ ಮಾಲೀಕರ ಮುಂದೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದ್ದು ಸಹನಾ.

“ಏನ್ ಅಂತ ಹೇಳ್ಲಿ, ಬೇಟಿ? ನಿಮ್ಮಜ್ಜ ಗೊತ್ತಿಲ್ದೆ ತಪ್ಪು ಮಾಡ್ದ. ನಾನು ಗೊತ್ತಿದ್ದೂ ಓಡ್ಸಿದ್ದೆ. ಗೇಟಿನಾಗ ನಿಲ್ಸಿದ್ದು ಸರಿಯಾಗೇ ಐತೆ ಅನ್ಕಂಡೆ.” ಅವನು ಸಣ್ಣಬೀರಪ್ಪನ ಕಡೆ ತಿರುಗಿದ. ದನಿ ಸ್ವಲ್ಪ ಇಳಿಯಿತು. “ನೀನು ಹೆಸರು ಹೇಳಿದ್ದಕ್ಕೆ ಸಿಟ್ಟು ಒಂದು ವಾರ ಇತ್ತು, ಬೀರಪ್ಪ. ಆಮ್ಯಾಕೆ ಇರ್ಲಿಲ್ಲ. ಈ ಗಾಜು ನೋಡಿ ನಗಾಕೆ ಲೋಕದಾಗ ನೀನೊಬ್ಬನೇ ಇದ್ದಿ. ನೀನೇ ಬರ್ಲಿಲ್ಲ.”

ಸಣ್ಣಬೀರಪ್ಪನಿಗೆ ಬೈಸಿಕೊಂಡಿದ್ದರೆ ಇಷ್ಟು ತಾಗುತ್ತಿರಲಿಲ್ಲ. ಅವನು ದೊಡ್ಡ ಮಿರ್ಚಿಯೊಂದನ್ನು ಆರಿಸಿ ಹಿದಾಯತನ ಮುಂದೆ ಸರಿಸಿದ. ಕ್ಯಾಬಿನ್ನಿನಲ್ಲಿ ದಿನಾ ಹಾಗೇ ಸರಿಸುತ್ತಿದ್ದ. ಹಿದಾಯತ್ ಅದರ ತೊಟ್ಟು ಮುರಿದು ಅರ್ಧ ಇವನಿಗೆ ಕೊಟ್ಟ. ಮಧ್ಯಾಹ್ನದ ತನಕ ಇಬ್ಬರೂ ಹಳೆಯ ಸಿನಿಮಾಗಳ ಅರ್ಧರ್ಧ ಕಥೆಗಳನ್ನು ಜೋಡಿಸುತ್ತ ಕೂತರು. ಬೋರ್‌ವೆಲ್ ಮೋಟಾರು ಕೇಳಿಕೊಂಡು ಬಂದ ರೈತನೊಬ್ಬ ನಾಳೆ ಬಾ ಎನಿಸಿಕೊಂಡು ಹೋದ.

ಸಂಜೆ ದಾವಣಗೆರೆಯ ಸರಸ್ವತಿ ನಗರದ ಮನೆಗೆ ಬಂದಾಗ ಯೋಗರಾಜ್ ಮತ್ತು ಸೊಸೆ ರಶ್ಮಿ ಕೆಲಸದಿಂದ ಬಂದಿದ್ದರು. ಸಹನಾ ಎಲ್ಲರನ್ನೂ ಸಾಲಾಗಿ ಕೂರಿಸಿ, ಅಜ್ಜ ಕತ್ತೆ ಆನೆಯ ಕಥೆ ಹೇಳುತ್ತಾನೆ ಎಂದಳು. ಎಷ್ಟು ಸಲ ಕೇಳುವುದು ಎಂದು ಯೋಗರಾಜ್ ಗೊಣಗಿದ. ಈ ಸಲದ್ದು ಬೇರೆ ಎಂದಳು ಮಗಳು. ಕರಿಯವ್ವ ವಾಡಿಕೆಯಂತೆ ಸೆರಗು ಸರಿ ಮಾಡಿಕೊಂಡು ಏಳಲು ಹೊರಟಿದ್ದಳು.

ಸಣ್ಣಬೀರಪ್ಪ ಗಂಟಲು ಸರಿ ಮಾಡಿಕೊಂಡ. “ಹದಿನಾರು ವರ್ಷದ ಹಿಂದೆ,” ಎಂದು ಶುರು ಮಾಡಿದ, “ಒಂದು ಶುಕ್ರವಾರ, ನಾನು ಪೆಟ್ಟಿಗೆ ಬದಲು ಮಾಡಿದೆ.”

ಅರ್ಧ ಎದ್ದಿದ್ದ ಕರಿಯವ್ವ ಗಂಡನ ಮುಖ ನೋಡಿದಳು. ಒಲೆಯ ಮೇಲೆ ಹಾಲಿತ್ತು. ಅವಳು ಮತ್ತೆ ಕೂತಳು, ಕಾಲು ಚಾಚಿ ಗೋಡೆಗೆ ಒರಗಿ, ಕಥೆ ಮುಗಿಯುವ ತನಕ ಕೇಳಿದಳು. ಹಾಲು ಉಕ್ಕಿತು, ಯಾರೂ ಏಳಲಿಲ್ಲ.